ಇಳಿಯದ ಗೆರೆ

"ಇಷ್ಟು ದಿನ ಕೂತು ನೊಣ ಹೊಡೀತಿದ್ರಾ?"

ಮ್ಯಾನೇಜರ್ ಮೇಡಂ ಪರದೆಯತ್ತ ಬೆರಳು ಮಾಡಿದರು. ಕೆಲಸ ಮುಗಿದಂತೆಲ್ಲ ಇಳಿಯಬೇಕಾದ ಬರ್ನ್‌ಡೌನ್ ಚಾರ್ಟಿನ ಗೆರೆ ಜಪ್ಪಯ್ಯ ಅಂದರೂ ಇಳಿದಿರಲಿಲ್ಲ. ಅದರಲ್ಲಿದ್ದ ಕೆಲಸವೆಲ್ಲ ಮೇಜಿನ ಈಚೆ ಕೂತಿದ್ದ ಅವಳದೇ.

"ಎಲ್ಲಾ ಮುಗಿಸಿದೀನಿ ಮೇಡಂ..."

"ಚಾರ್ಟ್ ಸುಳ್ಳು ಹೇಳುತ್ತಾ? ಸೋಮವಾರದಿಂದ ನೀವು ಈ ಟೀಮಲ್ಲಿ ಬೇಡ. ಬೇರೆ ಯಾರೂ ತಗೊಳ್ಳದಿದ್ರೆ, ಮನೇಲೇ ಇರಿ."

ಅವಳ ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ.

ಎದುರಿಗೆ ಅವಳ ಟೀಮ್ ಲೀಡ್ ಕೂತಿದ್ದ. ಆಫೀಸಿನವರೆಲ್ಲ ಅವನನ್ನು 'ಮೌನಿ' ಎಂದು ಛೇಡಿಸುತ್ತಿದ್ದರು. ಅವಳಿಗೆ ಮಾತ್ರ ಅವನೆಂದರೆ ಇಷ್ಟ... ಬಾಯಿಬಿಟ್ಟು ಹೇಳಲಾಗದಷ್ಟು ಇಷ್ಟ.

ಅವನು ಇವತ್ತೂ ತುಟಿ ಬಿಚ್ಚಲಿಲ್ಲ.

'ಒಂದು ಮಾತು ಆಡಬಾರದಿತ್ತಾ?'

ಸೀಟಿಗೆ ಬಂದು ಕಂಪ್ಯೂಟರಿನಲ್ಲಿ, ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡ್ ಇರುವ ಬೋರ್ಡ್ ತೆರೆದಳು. ಅವಳ ಕಾರ್ಡುಗಳೆಲ್ಲ 'ಮುಗಿದಿದೆ' ಕಾಲಂನಲ್ಲೇ ಇದ್ದವು. ಅದರ ಬಲಕ್ಕೆ ಅವನು ಹಾಕಿದ್ದ ಇನ್ನೊಂದು ಕಾಲಂ, 'ಮರುನೋಟ'. ಅವನಿಗೆ ಬೇಕಾದ್ದೇನೋ ಇರಬೇಕೆಂದು ಅವಳು ಕೇಳಿಯೇ ಇರಲಿಲ್ಲ.

ಒಂದು ಕಾರ್ಡನ್ನು ಅಲ್ಲಿಗೆ ಎಳೆದಳು. ಗೆರೆ ಇಳಿಯಿತು!

ಚಾರ್ಟು ಎಣಿಸುತ್ತಿದ್ದುದು ಬಲತುದಿಯ ಕಾಲಂ ಒಂದನ್ನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅವಳು ಮುಗಿಸಿದರೂ ಅದು ಒಪ್ಪುತ್ತಿರಲಿಲ್ಲ.

ಮೆಟ್ಟಿಲ ಬಳಿ ನಿಂತಿದ್ದ ಅವನ ಎದುರು ಹೋಗಿ ನಿಂತಳು.

"ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಮುಖಕ್ಕೇ ಹೇಳ್ಬೇಕಿತ್ತು! ಆ ಕಾಲಂ ಯಾಕೆ ಹಾಕಿದ್ರಿ?"

ಅವನು ತಲೆ ತಗ್ಗಿಸಿದ.

"ಅಪ್ಪ ಹೋದ ಮೇಲೆ ನಿಮ್ಮ ಕೋಡಲ್ಲಿ ತಪ್ಪು ಬರ್ತಿತ್ತು. ಯಾರ ಕಣ್ಣಿಗೂ ಬೀಳೋದು ಬೇಡ ಅಂತ ನಾನೇ ಸರಿ ಮಾಡ್ತಿದ್ದೆ. ನೋಡಿದ್ದನ್ನ ಅಲ್ಲಿಗೆ ಸರಿಸೋಣ ಅಂತ ಕಾಲಂ ಹಾಕ್ದೆ... ಸರಿಸೋದೇ ಮರೆತೆ. ಚಾರ್ಟಿಗೆ ಹೀಗಾಗುತ್ತೆ ಅಂತ ಇವತ್ತು ನೋಡೋವರೆಗೂ ಹೊಳೀಲಿಲ್ಲ."

"ಮತ್ತೆ ಮೀಟಿಂಗಲ್ಲೇ ಯಾಕೆ ಹೇಳ್ಲಿಲ್ಲ?"

"ಎಲ್ಲರೆದುರು ಹೇಳಿದ್ರೆ ನಿಮ್ಮ ತಪ್ಪೂ ಬಯಲಾಗ್ತಿತ್ತು. ಈಗಷ್ಟೇ ಮೇಡಂ ಹತ್ರ ಹೋಗಿ, ಚಾರ್ಟ್ ಕೆಡಿಸಿದ್ದು ನಾನು ಅಂತಷ್ಟೇ ಹೇಳಿ ಬಂದೆ. ಸೋಮವಾರದಿಂದ ನೀವಿರ್ತೀರಿ, ನಾನಿರಲ್ಲ."

ಅವಳಿಗೆ ಸಿಟ್ಟು, ನಾಚಿಕೆ, ಸಂಕಟ ಒಟ್ಟಿಗೇ ಉಕ್ಕಿ ಬಂದವು. ತನ್ನ ತಪ್ಪನ್ನು ಇವನು ಹೊತ್ತು ಹೋಗುವುದೇ?

"ಯಾಕೆ ಇಷ್ಟೆಲ್ಲಾ...?"

"ನೀವು ಅತ್ತು, ಮುಖ ತೊಳ್ಕೊಂಡು ಬಂದು ಮತ್ತೆ ಕೆಲಸಕ್ಕೆ ಕೂರ್ತಿದ್ರಿ. ಸಮಾಧಾನ ಹೇಳೋಕೆ ನಂಗೆ ಬರಲ್ಲ. ಪ್ರೀತಿ ಮಾಡ್ತೀನಿ ಅಂತ ಹೇಳೋಕೂ ಬರ್ಲಿಲ್ಲ."

ಅವಳ ಕಣ್ಣು ತುಂಬಿತು. ಅವನ ಕೈ ಹಿಡಿದಳು.

"ನಡೀರಿ, ಮೇಡಂ ಹತ್ರ. ನನ್ನ ತಪ್ಪು ನಾನೇ ಹೇಳ್ತೀನಿ."

"ಇಬ್ರ ಕೆಲಸಾನೂ ಹೋಗ್ಬಹುದು."

"ಹೋಗ್ಬಹುದು..." ಅವಳು ಕೈ ಬಿಡಲಿಲ್ಲ. "ಅಮ್ಮನಿಗೆ ಹೇಳುವಾಗ ಪಕ್ಕದಲ್ಲಿರ್ತೀರಾ?"

"ಇರ್ತೀನಿ. ಆಮೇಲೂ ಇರ್ತೀನಿ."