ಗೀಟು ಬೀಳದ ಹಾಳೆ

ಪ್ರಬಂಧಕ್ಕೆ ನೂರಕ್ಕೆ ಮೂವತ್ತೊಂದು ಬಂದ ಸಂಜೆ, ಕ್ಲಾಸಿನಲ್ಲಿ ಪಕ್ಕದ ಸೀಟಿನ ಲಿಫ್ಟ್ ಮೆಕ್ಯಾನಿಕ್‌ನನ್ನು ಮೆಟ್ಟಿಲ ಮೇಲೆ ಅಡ್ಡಹಾಕಿದೆ.

"ರೀ, ನಿಲ್ಲಿ. ನಾನು ಬರೆದಿದ್ದು ಓದ್ತಿದ್ರಾ, ಇಲ್ಲಾ ಸುಮ್ನೆ ಸೈನ್ ಹಾಕ್ತಿದ್ರಾ?"

ನಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಪದ್ಧತಿ. ದಿನಾ ಬರೆದದ್ದನ್ನು ಪಕ್ಕದವರೇ ತಿದ್ದಿ ಸಹಿ ಹಾಕಬೇಕು. ಮೇಡಂ ನೋಡುವುದು ಪರೀಕ್ಷೆಯ ಹಾಳೆ ಮಾತ್ರ. ಅವನ ಹಾಳೆಯನ್ನು ನಾನು ದಯೆ ದಾಕ್ಷಿಣ್ಯವಿಲ್ಲದೆ ಗೀಚುತ್ತಿದ್ದೆ. ನನ್ನದು ಮಾತ್ರ ಒಂದು ಗೀಟೂ ಇಲ್ಲದೆ ವಾಪಸು ಬರುತ್ತಿತ್ತು. ನಾನೋ, ಇಂಗ್ಲಿಷನ್ನು ಅರೆದು ಕುಡಿದವಳ ಹಾಗೆ ಬೀಗುತ್ತಿದ್ದೆ!

ಈಗ ನೋಡಿದರೆ ಅಣಕು ಪರೀಕ್ಷೆಯ ಹಾಳೆ ತುಂಬ ಕೆಂಪು. ನಿನ್ನೆ ಆದದ್ದನ್ನು ಇವತ್ತು ಆಗುತ್ತಿದೆ ಅಂತ ಬರೆದಿದ್ದೆ. 'ದಿ' ಬೇಕಾದಲ್ಲಿ ಬಿಟ್ಟು, ಬೇಡವಾದಲ್ಲಿ ತುರುಕಿದ್ದೆ. ಮುಂದಿನ ತಿಂಗಳು ನಿಜವಾದ ಪರೀಕ್ಷೆ. ಅದರಲ್ಲೂ ಫೇಲಾದರೆ ನರ್ಸ್ ಟ್ರೈನಿಂಗ್ ಸೀಟು ಹೋಯಿತು, ಆಸ್ಪತ್ರೆಯಲ್ಲಿ ಆಯಾ ಆಗಿಯೇ ಇರಬೇಕು.

"ಓದ್ತಿದ್ದೆ," ಅಂದ, ತಲೆ ತಗ್ಗಿಸಿ.

"ತಪ್ಪು ಕಾಣ್ತಿರ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ?"

"ಕೈ ಬರ್ತಿರ್ಲಿಲ್ಲ ಕಣ್ರೀ. ತಪ್ಪು ಅಂದ್ರೆ ಸಾಕು, ನಿಮ್ಮ ಮುಖ ಬಾಡುತ್ತೆ. ನಿಮ್ಮ ನಗು ನೋಡೋಕೇ ಕ್ಲಾಸಿಗೆ ಬರೋನು ನಾನು…" ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು.

ಅಯ್ಯೋ ದೇವರೇ! ನನ್ನ ಎದೆ ಡವಡವ ಅಂದದ್ದು ಬರೀ ಸಿಟ್ಟಿಗಲ್ಲ. ಆದರೂ ಬಿಡಲಿಲ್ಲ. "ನಗು ಉಳಿಸೋಕೆ ಹೋಗಿ ನನ್ನ ಕೆಲ್ಸಕ್ಕೇ ಕಲ್ಲು ಹಾಕಿದ್ರಲ್ಲಾ!"

"ತಪ್ಪಾಯ್ತು. ನಾಳೆಯಿಂದ ಒಂದೂ ಬಿಡಲ್ಲ. ನೀವು ಅತ್ರೂ ಬಿಡಲ್ಲ."

ಮಾತು ಉಳಿಸಿಕೊಂಡ, ಮಹಾರಾಯ. ಕ್ಲಾಸ್ ಮುಗಿದ ಮೇಲೂ ಕೂರಿಸಿಕೊಂಡು, ಗ್ರೀಸ್ ಕರೆಯ ಬೆರಳಲ್ಲಿ ಪೆನ್ಸಿಲ್ ಹಿಡಿದು, ಗೀಟಿನ ಮೇಲೆ ಗೀಟು. "ಇನ್ನೊಂದ್ಸಲ ಬರೀರಿ." ನಾನು ಮೂತಿ ಉಬ್ಬಿಸಿದರೆ ಓರೆಗಣ್ಣಲ್ಲಿ ನೋಡುತ್ತಿದ್ದ, ಗಂಟಲು ಸರಿಮಾಡಿಕೊಂಡು ಮತ್ತೆ ಎಳೆಯುತ್ತಿದ್ದ. ಒಂದು ದಿನ ನಿಜಕ್ಕೂ ಅತ್ತುಬಿಟ್ಟೆ. ಅವನ ಕಣ್ಣೂ ತುಂಬಿತು, ಪೆನ್ಸಿಲ್ ಮಾತ್ರ ನಿಲ್ಲಲಿಲ್ಲ. ಹೊಗಳುವವರು ಬೀದಿಗೊಬ್ಬರು ಸಿಗುತ್ತಾರೆ, ಇಂಥವನು ಎಲ್ಲಿ ಸಿಗುತ್ತಾನೆ? ಅವತ್ತೇ ನಾನು ಅವನಿಗೆ ಸೋತೆ.

ಇಬ್ಬರೂ ಪಾಸಾದೆವು. ರಿಸಲ್ಟ್ ನೋಡಿ ಹೊರಗೆ ಬಂದರೆ, ಆಸಾಮಿ ಟೂಲ್ ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತಾ ನಿಂತಿದ್ದಾನೆ. ಇವನು ಹೇಳಲಿ ಅಂತ ಕಾದರೆ ನನ್ನ ಕೂದಲು ನರೆಯುತ್ತದೆ ಅನಿಸಿತು.

"ಭಾನುವಾರ ಅಪ್ಪ ಮನೇಲಿರ್ತಾರೆ. ಬಂದು ಕೇಳಿ."

"ಏನಂತ?"

"ಲಿಫ್ಟ್ ಕೆಟ್ಟಿದ್ಯಾ ಅಂತ! ನಿಮ್ಮ ಮಗಳನ್ನ ಕೊಡ್ತೀರಾ ಅಂತ ಕೇಳ್ರೀ!"

ಬ್ಯಾಗು ಧೊಪ್ಪನೆ ಕೆಳಗೆ ಬಿತ್ತು. "ಅವ್ರಿಗೆ ನನ್ನಲ್ಲಿ ನೂರು ತಪ್ಪು ಕಾಣ್ಸಿದ್ರೆ?"

"ಕಾಣ್ಲಿ ಬಿಡಿ. ನಂಗೂ ಕಾಣುತ್ತೆ, ನಾನೇನು ಕುರುಡೀನಾ? ಆದ್ರೂ ನೀವೇ ಬೇಕು."