ಎರಡು ಚೀಲ ಓ ನೆಗೆಟಿವ್

“ಇವನನ್ನ ಕಳಿಸಿದ್ದಾರಾ? ಈ ಡೊಳ್ಳುಹೊಟ್ಟೆ ಹಿಡಿಯೋ ಹೊತ್ತಿಗೆ ಕಳ್ಳನಿಗೆ ಮೊಮ್ಮಕ್ಕಳಾಗಿರ್ತಾವೆ!”

ಗುಡ್ಡದ ಆರೋಗ್ಯ ಕೇಂದ್ರದ ಡಾಕ್ಟರು ಹಾಗಂದದ್ದೇ ತಡ, ಸಾಲಿನಲ್ಲಿದ್ದ ರೋಗಿಗಳು ಗೊಳ್ಳೆಂದು ನಕ್ಕರು. ದಫೇದಾರನ ಕಿವಿ ಕೆಂಪಾಯಿತು. ಇನ್‌ಸ್ಪೆಕ್ಟರ್ ಮೇಡಂ ಮಾತ್ರ ನಗಲಿಲ್ಲ.

ದೂರು ಬಂದದ್ದು ಬೆಳಿಗ್ಗೆ ಎಂಟೂವರೆಗೆ. ಕೇಂದ್ರದ ಫ್ರಿಜ್ಜಿನಿಂದ ಎರಡು ಚೀಲ ರಕ್ತ ಕಳುವಾಗಿತ್ತು. ಎರಡೂ ಓ ನೆಗೆಟಿವ್. ಎಫ್‌ಐಆರ್ ಆಯಿತು, ಪಂಚನಾಮೆಯಾಯಿತು. ಬೀಗ ಮುರಿದಿರಲಿಲ್ಲ. ಅಷ್ಟರಲ್ಲಿ ಫೋನು: ಬಾಣಂತಿಯೊಬ್ಬಳಿಗೆ ರಕ್ತ ನಿಲ್ಲುತ್ತಿಲ್ಲ, ಜೀಪಿನಲ್ಲಿ ತರುತ್ತಿದ್ದಾರೆ. ಅವಳದೂ ಅದೇ ಗುಂಪು. ಪೇಟೆಯಿಂದ ರಕ್ತ ಬರಲು ಸಂಜೆಯಾಗುತ್ತದೆ.

“ಕದ್ದೋನು ಎಲ್ಲಿಟ್ಟಿರಬಹುದು?” ಇನ್‌ಸ್ಪೆಕ್ಟರ್ ಕೇಳಿದರು.

“ಎಲ್ಲಿಟ್ರೂ ಕೆಡುತ್ತೆ. ಬಿಸಿ ತಾಗಬಾರದು, ಮಂಜುಗಡ್ಡೆ ಆಗ್ಲೂಬಾರದು. ನಾಲ್ಕು ಡಿಗ್ರಿ ಆಸುಪಾಸು ಇರ್ಬೇಕು,” ಎಂದರು ಡಾಕ್ಟರು.

ದಫೇದಾರ ನರ್ಸಮ್ಮನತ್ತ ತಿರುಗಿದ. “ಕರೆಂಟ್ ಹೋದ್ರೆ ಏನ್ಮಾಡ್ತೀರಿ?”

“ಹಾಲಿನ ಡೇರಿಯವನು ಐಸ್ ಪ್ಯಾಕ್ ತಂದು ಫ್ರಿಜ್ಜಲ್ಲಿ ಜೋಡಿಸಿ ಹೋಗ್ತಾನೆ. ಪುಣ್ಯಾತ್ಮ! ನಿನ್ನೇನೂ ಬಂದಿದ್ದ.”

ಹಾಲನ್ನೂ ಅಷ್ಟೇ ತಂಪಿನಲ್ಲಿ ಇಡುತ್ತಾರೆ. ದಫೇದಾರ ಎದ್ದ.

ಡೇರಿಯ ತಂಪುಕೋಣೆಯಲ್ಲಿ, ಕ್ಯಾನುಗಳ ಹಿಂದೆ, ಟವೆಲಿನಲ್ಲಿ ಸುತ್ತಿದ ಎರಡು ಚೀಲಗಳು ಹಸುಗೂಸಿನ ಹಾಗೆ ಮಲಗಿದ್ದವು. ಡೇರಿಯವನು ಓಡಲಿಲ್ಲ.

“ಯಾಕೋ ತಮ್ಮಾ?”

“ನನ್ ಹೆಂಡ್ತಿಗೆ ದಿನ ತುಂಬಿದೆ ಸಾರ್. ಅವಳಕ್ಕ ಹೆರಿಗೇಲಿ ಹೋದಾಗ ಫ್ರಿಜ್ಜು ಖಾಲಿ ಇತ್ತು. ಇವಳದೂ ಅದೇ ಗುಂಪು.”

“ಈಗ ಜೀಪಲ್ಲೊಬ್ಬಳು ಸಾಯ್ತಿದ್ದಾಳೆ.”

ಅವನು ಇನ್ನೊಂದು ಮಾತಿಗೆ ಕಾಯಲಿಲ್ಲ. ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಜೋಡಿಸಿ, ನಡುವೆ ಆ ಟವೆಲನ್ನೇ ಹಾಸಿ, ಚೀಲಗಳನ್ನಿಟ್ಟು, ಎದೆಗವಚಿಕೊಂಡು ಓಡಿದ. ಕಳ್ಳ ಮುಂದೆ, ಏದುಸಿರು ಬಿಡುತ್ತ ಪೊಲೀಸು ಹಿಂದೆ.

ಚೀಲದ ಮೇಲೆ ಅಂಟಿಸಿದ್ದ, ಬಿಸಿ ತಾಗಿದರೆ ಬಣ್ಣ ಬದಲಿಸುವ ಪಟ್ಟಿ ಹಾಗೇ ಇತ್ತು. ಡಾಕ್ಟರು ತಪಾಸಣೆ ಮುಗಿಸಿ ರಕ್ತ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟಳು.

ದಸ್ತಗಿರಿಯ ಕಾಗದಕ್ಕೆ ಸಹಿ ಹಾಕುತ್ತ ಇನ್‌ಸ್ಪೆಕ್ಟರ್ ಹೇಳಿದರು: “ನಿನ್ ಹೆಂಡ್ತೀನ ನಮ್ ಜೀಪಲ್ಲೇ ಇವತ್ತು ಪೇಟೆ ಆಸ್ಪತ್ರೆಗೆ ಸೇರಿಸ್ತೀವಿ. ಅಲ್ಲಿ ರಕ್ತಕ್ಕೆ ಬರವಿಲ್ಲ.” ಅವನು ಕೋಳ ತೊಟ್ಟ ಕೈಯನ್ನೇ ಮುಗಿದ. ದಫೇದಾರ ಅದರ ಮೇಲೆ ಪೆಟ್ಟಿಗೆಯಲ್ಲಿದ್ದ ಆ ಟವೆಲು ಹೊದಿಸಿದ.

ಅಂಗಳದಲ್ಲಿ ಬಾಣಂತಿಯ ತಾಯಿ ಅಡ್ಡ ಬಂದು, ಟವೆಲಿನ ಸಮೇತ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

“ರಕ್ತ ಹೊತ್ಕೊಂಡು ಓಡಿಬಂದೋನು ನೀನೇ ಅಲ್ವೇನಪ್ಪಾ? ನಿನ್ ಹೊಟ್ಟೆ ತಣ್ಣಗಿರ್ಲಿ.” ಆಮೇಲೆ ದಫೇದಾರನ ಕಡೆ ತಿರುಗಿದಳು. “ಯಾರ ಮನೆ ಮಗ ಸಾರ್ ಇವ್ನು? ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?”

ಬೆಳಿಗ್ಗೆ ನಕ್ಕಿದ್ದ ಸಾಲು ಈಗ ಇತ್ತಲೇ ನೋಡುತ್ತಿತ್ತು. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು.

ದಫೇದಾರ ಟವೆಲನ್ನು ಇನ್ನಷ್ಟು ಕೆಳಗೆಳೆದು, ಅವನನ್ನು ಜೀಪಿನತ್ತ ನಡೆಸಿಕೊಂಡು ಹೋದ.