ಖೋವಾ ಕೋಣೆಯ ಎರಡನೇ ಮೋಡೆಮ್

ಅಕ್ಕಿಪೇಟೆಯ ಬೆಣ್ಣೆ, ಖೋವಾ ವ್ಯಾಪಾರಿ ಸಿದ್ದಬಸಪ್ಪನವರ ಕೋಲ್ಡ್ ರೂಮನ್ನು ಕಟ್ಟಿದವನು ಚಕ್ರಪಾಣಿ. ಹತ್ತೊಂಬತ್ತು ವರ್ಷ, ಅದು ಕೆಮ್ಮಿದಾಗಲೆಲ್ಲ ಹನುಮಂತನಗರದಿಂದ ಸ್ಕೂಟರ್ ಹತ್ತಿ ಓಡಿದವನೂ ಅವನೇ. ಯುಗಾದಿ ಕಳೆದ ಮೇಲೆ ಒಂದು ದಿನ ಸಿದ್ದಬಸಪ್ಪನವರ ಸೊಸೆ ಮಹಾನಂದ ಕಾಫಿ ಕೊಟ್ಟು ಹೇಳಿದಳು: "ಅಂಕಲ್, ನೀವು ಇನ್ಮೇಲೆ ರೆಸ್ಟ್ ತಗೊಳ್ಳಿ. ಹೊಸ ಕಂಪ್ನಿಯವ್ರು ಎಲ್ಲಾ ಮೊಬೈಲಲ್ಲೇ ನೋಡ್ಕೋತಾರೆ."

ಸಿದ್ದಬಸಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. ಅವನಿಗೆ ನಾಟಿದ್ದು ಅದು. ಅರವತ್ತೊಂದನೇ ವಯಸ್ಸಿನಲ್ಲಿ ಬೇರೆ ಕೆಲಸ ಹುಡುಕುವುದಕ್ಕೂ ತ್ರಾಣವಿಲ್ಲ, ಜಗಳಕ್ಕೂ ತ್ರಾಣವಿಲ್ಲ. ಅವನಿಗೆ ಬೇಕಾಗಿದ್ದು ಇಷ್ಟೇ: ಒಂದು ಬೆಳಗ್ಗೆ ಆ ಅಂಗಡಿಯಿಂದ ಫೋನ್ ಬರಬೇಕು, ನೀವೇ ಬರಬೇಕು ಅನ್ನಬೇಕು.

ಕಂಪನಿಯವರು ಕೋಲ್ಡ್ ರೂಮಿನ ಕರೆಂಟ್ ಪ್ಯಾನೆಲ್ ಒಳಗೆ ಸಿಮ್ ಹಾಕಿದ ಮೋಡೆಮ್ ಇಟ್ಟಿದ್ದರು. ಅದು ಕೋಣೆಯೊಳಗಿನ ಉಷ್ಣತೆಯನ್ನು ಹೊರಗೆ ತಿಳಿಸುತ್ತಿತ್ತು. ಹೊರಗಿನವರು ಅದರೊಳಗೆ ಹೋಗುವಂತಿರಲಿಲ್ಲ. ಮಾಮೂಲಿ ಸಿಮ್ಮಿಗೆ ಇಂಟರ್ನೆಟ್ಟಿನಲ್ಲಿ ಸ್ವಂತ ವಿಳಾಸವಿಲ್ಲ. ಸಾವಿರಾರು ಮನೆಗಳ ವಠಾರಕ್ಕೆ ಒಂದೇ ಹೆಬ್ಬಾಗಿಲು ಇದ್ದ ಹಾಗೆ, ಬಂದವರಿಗೆ ಮನೆ ತೋರಿಸುವವರಿಲ್ಲ. ಆದ್ದರಿಂದ ಚಕ್ರಪಾಣಿ ಅಂಥ ಸ್ವಂತ ವಿಳಾಸವಿರುವ ಸಿಮ್ ತಂದ, ಹಳೇ ಗಿರಾಕಿಯೊಬ್ಬನ ಮುಚ್ಚಿಹೋದ ಕಾರ್ಖಾನೆ ಹೆಸರಿನಲ್ಲಿ. ಕಂಪನಿ ಬಳಸುವ ಮಾದರಿಯದೇ ಮೋಡೆಮ್ ಕೊಂಡ. ಅವರ ಸ್ಟಿಕ್ಕರಿನಂಥದ್ದನ್ನೇ ಅಚ್ಚು ಹಾಕಿಸಿ ಅಂಟಿಸಿದ. ಹೊರಗಿಂದ ಬಂದ ಸಂಪರ್ಕವನ್ನು ಒಪ್ಪಿಕೊಳ್ಳುವಂತೆ ಅದನ್ನು ಹೊಂದಿಸಿ ಮನೆಯಲ್ಲೇ ಚಾಲೂ ಮಾಡಿದಾಗ, ಗಂಟೆಯೊಳಗೆ ಎಲ್ಲೆಲ್ಲಿಂದಲೋ ನೂರಾರು ಅಪರಿಚಿತರು ಇಂಟರ್ನೆಟ್ಟಿನಲ್ಲಿ ಅದರ ಬಾಗಿಲು ತಟ್ಟಿದ್ದರು. ಲೋಕಕ್ಕೆ ಇಷ್ಟೊಂದು ಬಿಡುವಿದೆಯೇ ಎಂದು ಅವನಿಗೆ ಬೇಸರವಾಯಿತು. ತನ್ನ ಫೋನಿನಲ್ಲಿದ್ದ ಕೀಲಿಗೆ ಮಾತ್ರ ತೆರೆಯುವಂತೆ ಮಾಡಿ, ಮಿಕ್ಕವರಿಗೆಲ್ಲ ಚಿಲಕ ಹಾಕಿದ.

ಶ್ರಾವಣದ ಗಿಜಿಗಿಜಿ ವ್ಯಾಪಾರದ ಮಧ್ಯೆ, ಹಾಡಹಗಲೇ, ಸ್ಕ್ರೂಡ್ರೈವರ್ ಹಿಡಿದು ಅಂಗಡಿಯ ಹಿಂಬದಿಗೆ ನಡೆದ. ಹತ್ತೊಂಬತ್ತು ವರ್ಷ ನೋಡಿದ ಮುಖ, ಯಾರೂ ಕೇಳಲಿಲ್ಲ. ಕಂಪನಿಯ ಮೋಡೆಮ್ ಪಕ್ಕದಲ್ಲೇ ತನ್ನದನ್ನು ಕೂರಿಸಿ, ಕಂಪ್ರೆಸರಿನ ಕಂಟ್ರೋಲಿಗೆ ತಂತಿ ಜೋಡಿಸಿ ಬಂದ. ನಾಳೆ ಪ್ಯಾನೆಲ್ ತೆರೆದರೆ ಒಂದೇ ಥರದ ಎರಡು ಪೆಟ್ಟಿಗೆ. ಒಂದು ನಮ್ಮದಲ್ಲ ಎಂದರೆ ಕಂಪನಿಯವರನ್ನು ಯಾರು ನಂಬುತ್ತಾರೆ?

ಭಾನುವಾರ ವೈಯಾಲಿಕಾವಲ್‌ನಲ್ಲಿ ತಂಗಿಯ ಮಗಳು ಬಿಂದುವಿನ ಸೀಮಂತ. ಅಕ್ಕಿಪೇಟೆಯಲ್ಲಿ ಅಂಗಡಿಗೆ ರಜೆ. ಎಂಬತ್ತು ಜನರ ಪಂಕ್ತಿಯಲ್ಲಿ ಕೂತು, ಪಾಯಸ ಬರುವ ಮುಂಚೆ, ಚಕ್ರಪಾಣಿ ಎಡಗೈಯಲ್ಲಿ ಫೋನ್ ಒತ್ತಿದ. ಕಂಪ್ರೆಸರ್ ನಿಂತಿತು. ಕಂಪನಿಯವರ ಮೊಬೈಲಿಗೆ ಮಾತ್ರ ಅವನ ಪೆಟ್ಟಿಗೆ ಹೇಳಿಸಿದ ಸುಳ್ಳು ನಾಲ್ಕು ಡಿಗ್ರಿಯೇ ಕಾಣುತ್ತಿತ್ತು. ಸೋಮವಾರ ಬೆಳಗಿನ ಜಾವ ಮೋಡೆಮ್ಮಿನ ನೆನಪನ್ನೆಲ್ಲ ಹೊರಗಿಂದಲೇ ಅಳಿಸಿ, ಹಲ್ಲುಜ್ಜಲು ಎದ್ದ.

ಎಂಟಕ್ಕೆ ಫೋನ್ ಬಂತು.

"ಅಂಕಲ್, ಸ್ವಲ್ಪ ಬರ್ತೀರಾ? ಮಾವ ನಿಮ್ಮನ್ನೇ ಕರೀತಿದಾರೆ."

ಗೆದ್ದೆನೆಂದು ಅನಿಸಲಿಲ್ಲ. ಎಷ್ಟೋ ತಿಂಗಳ ಸುಸ್ತು ಸ್ವಲ್ಪ ಇಳಿದ ಹಾಗಾಯಿತು, ಅಷ್ಟೇ.

ಕೆಟ್ಟ ಖೋವಾದ ಹುಳಿ ವಾಸನೆ ಬೀದಿಯವರೆಗೂ ಬಂದಿತ್ತು. ಕಂಪನಿಯ ಎಂಜಿನಿಯರ್ ಅನಿಲ್ ಕುಮಾರ್ ಬೆವರುತ್ತ ನಿಂತಿದ್ದ. "ಸರ್, ಒಂದೇ ಬಾಕ್ಸ್ ನಮ್ದು. ಇನ್ನೊಂದು ಯಾರ್ದು ಅಂತ ನಿಜವಾಗ್ಲೂ ಗೊತ್ತಿಲ್ಲ."

"ಕೆಟ್ಟ ಮೇಲೆ ಎಲ್ರೂ ಹಂಗೇ ಹೇಳೋದು," ಎಂದ ಚಕ್ರಪಾಣಿ, ಸಾಕಷ್ಟು ಕನಿಕರದಿಂದ.

ಸಿದ್ದಬಸಪ್ಪನವರು ಪ್ಯಾನೆಲ್ ಬಾಗಿಲನ್ನು ಪೂರ್ತಿ ತೆರೆದರು. "ಅಯ್ಯಂಗಾರ್ರೇ, ಹತ್ರ ಬಂದು ನೋಡಿ."

ಕಂಪನಿಯ ಮೋಡೆಮ್ ಮೇಲೆ, ಆ ಅಂಗಡಿಯ ತಕ್ಕಡಿ, ತಿಜೋರಿಗಳ ಮೇಲಿದ್ದಂತೆಯೇ, ಮಹಾನಂದ ಬೆರಳಲ್ಲಿ ಎಳೆದ ವಿಭೂತಿಯ ಮೂರು ಅಡ್ಡಗೆರೆ. ಪಕ್ಕದ್ದರ ಮೇಲೆ ಅಯ್ಯಂಗಾರರು ಹಣೆಗಿಡುವ ಶ್ರೀಚೂರ್ಣದ ಒಂದೇ ಒಂದು ನೆಟ್ಟನೆಯ ಕೆಂಪು ಗೆರೆ. ಆ ಗೆರೆ ಎಳೆಯದೆ ನಲವತ್ತು ವರ್ಷದಲ್ಲಿ ಚಕ್ರಪಾಣಿ ಈ ಅಂಗಡಿಯ ಕಂಪ್ರೆಸರಿಗಾಗಲಿ, ಬೇರೆ ಯಾವ ಯಂತ್ರಕ್ಕಾಗಲಿ ಮೊದಲ ಸಲ ಕರೆಂಟ್ ಕೊಟ್ಟವನಲ್ಲ. ಮೋಡೆಮ್ಮಿಗೂ ಬೆರಳು ತನ್ನ ಪಾಡಿಗೆ ತಾನು ಎಳೆದಿತ್ತು. ಕಣ್ಣು ಅದನ್ನು ಗಮನಿಸುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅನಿಲ್ ಕುಮಾರನಿಗೆ ಏನೂ ಅರ್ಥವಾಗಲಿಲ್ಲ. ಸಿದ್ದಬಸಪ್ಪನವರು ಮೆಲ್ಲಗೆ ಕೇಳಿದರು: "ಇದನ್ನ ಯಾವತ್ತು ಬಂದು ಹಾಕಿದ್ರಿ?"